ಗೋಡೆಯೊಳಗೆ ಹರಿದ ವಿದ್ಯುತ್ತು

ವಿದ್ಯುತ್ ಧ್ರುವತೆ, ಕಾಂತೀಯ ಕ್ರಮ ಎರಡೂ ಕೋಣೆಯ ಉಷ್ಣತೆಯಲ್ಲೇ ಒಟ್ಟಿಗಿರುವ ಅಪರೂಪದ ವಸ್ತು ಬಿಸ್ಮತ್ ಫೆರೈಟ್. ಇಂಥವಕ್ಕೆ ಮಲ್ಟಿಫೆರೋಯಿಕ್ ಎಂದು ಹೆಸರು. ಇದರ ತೆಳುಪೊರೆಯ ಒಳವಲಯಗಳನ್ನು ಅರಿಯಲು, ಅಂಧರು ಬ್ರೈಲ್ ಓದುವಂತೆ, ಮೊನಚು ಸೂಜಿಯಿಂದ ತಡವಬೇಕು. ಸೂಜಿಗೆ ಪರ್ಯಾಯ ವೋಲ್ಟೇಜ್ ಕೊಟ್ಟರೆ ಪೊರೆ ಮಿಡಿಯುತ್ತದೆ. ಮೇಲ್ಮುಖ ಧ್ರುವತೆಯ ವಲಯ ಉಬ್ಬುವಾಗ ಕೆಳಮುಖದ್ದು ಕುಗ್ಗುತ್ತದೆ. ಉಬ್ಬುವುದೋ, ಮೀಟರಿನ ಲಕ್ಷಕೋಟಿ ಪಾಲುಗಳಲ್ಲಿ ಕೆಲವೇ ಪಾಲು! ಅಷ್ಟರಿಂದಲೇ ನಕ್ಷೆ ಸಿದ್ಧ.

ಪೊರೆಯೇನೋ ಅವಾಹಕ. ಆದರೆ 2009ರಲ್ಲಿ ಬರ್ಕ್ಲಿಯ ತಂಡ ವಾಹಕ ಸೂಜಿಯಿಂದ ಪರೀಕ್ಷಿಸಿದಾಗ ವಲಯಗಳ ನಡುವಣ, ಸುಮಾರು 2 ನ್ಯಾನೊಮೀಟರ್ ದಪ್ಪದ ಗೋಡೆಗಳಲ್ಲಿ ವಿದ್ಯುತ್ ಹರಿಯಿತು! ಧ್ರುವತೆ 180 ಅಥವಾ 109 ಡಿಗ್ರಿ ತಿರುಗುವ ಗೋಡೆಗಳಲ್ಲಿ ಮಾತ್ರ. 71 ಡಿಗ್ರಿಯವು ಸುಮ್ಮನಿದ್ದವು. 2011ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರ ಪೊರೆಗಳಲ್ಲಿ ಅವೂ ವಾಹಕಗಳಾದವು. ಈ ಗೋಡೆಗಳನ್ನು ಅದೇ ಸೂಜಿಯಿಂದ ಬರೆಯಬಹುದು, ಅಳಿಸಿ ಬೇರೆಡೆ ಮತ್ತೆ ಬರೆಯಲೂಬಹುದು.