ಜ್ವರಕ್ಕೂ ಒಂದು ದಿನಚರಿ

ಮಳೆಗಾಲದ ಒಂದು ಗುರುವಾರ ಬೆಳಿಗ್ಗೆ. ಕ್ಲಿನಿಕ್ಕಿನ ಬೆಂಚಿನ ಮೇಲೆ ಹತ್ತು ಹದಿನೈದು ಜನ ಕಾದಿದ್ದಾರೆ. ಸರದಿ ಬಂದಾಗ ತಾಯಿಯೊಬ್ಬರು ಒಂಬತ್ತನೇ ತರಗತಿಯ ಮಗನನ್ನು ಒಳಗೆ ಕರೆತರುತ್ತಾರೆ.

“ಏನಮ್ಮಾ, ಏನಾಯ್ತು?”

“ಜ್ವರ ಬಂದಿತ್ತು ಡಾಕ್ಟ್ರೇ. ಈಗ ಬಿಟ್ಟಿದೆ. ತುಂಬ ಸುಸ್ತು ಅಂತಾನೆ, ಒಂದು ಟಾನಿಕ್ ಬರೆದುಕೊಡಿ. ಸೋಮವಾರದಿಂದ ಪರೀಕ್ಷೆ.”

“ಎಷ್ಟು ದಿನ ಇತ್ತು?”

“ಎರಡು ಮೂರು ದಿನ ಇರಬೇಕು.”

“ಎಷ್ಟು ಡಿಗ್ರಿ?”

“ಮೈ ಕೆಂಡದ ಹಾಗೆ ಸುಡ್ತಿತ್ತು.”

“ಯಾವ ಮಾತ್ರೆ ಕೊಟ್ಟಿರಿ?”

“ಮೆಡಿಕಲ್ ಸ್ಟೋರಿನವರು ಕೊಟ್ಟದ್ದು. ಒಂದು ಬಿಳೀದು, ಒಂದು ಕಿತ್ತಳೆ ಬಣ್ಣದ್ದು.”

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಮಳೆ ಹಿಡಿದರೆ ಊರೂರಿನ ಕ್ಲಿನಿಕ್ಕುಗಳಲ್ಲಿ ದಿನಕ್ಕೆ ಹತ್ತು ಸಲ ನಡೆಯುವ ಸಂಭಾಷಣೆ. ತಾಯಿ ಸುಳ್ಳೇನೂ ಹೇಳಿಲ್ಲ. ಆದರೆ ಡಾಕ್ಟರು ಕೇಳಿದ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರ ಸಿಕ್ಕಿಲ್ಲ.

ರೋಗ ಪತ್ತೆಯಾಗುವುದು ರಕ್ತಪರೀಕ್ಷೆಯಿಂದ, ಸ್ಕ್ಯಾನಿಂಗಿನಿಂದ ಎಂದು ಬಹಳ ಮಂದಿ ನಂಬಿದ್ದಾರೆ. 1975ರಲ್ಲಿ ಬ್ರಿಟನ್ನಿನ ವೈದ್ಯರು ಹೊಸದಾಗಿ ಬಂದ 80 ರೋಗಿಗಳನ್ನು ಇದೇ ದೃಷ್ಟಿಯಿಂದ ಗಮನಿಸಿ ವರದಿ ಪ್ರಕಟಿಸಿದರು. ಅವರಲ್ಲಿ 66 ಮಂದಿಯ ರೋಗವೇನೆಂಬುದು ಅವರು ಹೇಳಿಕೊಂಡ ವಿವರದಿಂದಲೇ ಗೊತ್ತಾಗಿತ್ತು. ಮೈಮುಟ್ಟಿ ನೋಡಿದ್ದರಿಂದ ತೀರ್ಮಾನ ಬದಲಾದದ್ದು 7 ಮಂದಿಯಲ್ಲಿ, ಪ್ರಯೋಗಾಲಯದ ಪರೀಕ್ಷೆಗಳಿಂದ ಇನ್ನು 7 ಮಂದಿಯಲ್ಲಿ. ಪರೀಕ್ಷೆಗಳು ಆಮೇಲೆ ಬಹಳ ಸುಧಾರಿಸಿವೆ, ನಿಜ. ಆದರೆ ಯಾವ ಪರೀಕ್ಷೆ ಮಾಡಿಸಬೇಕು ಎಂಬುದು ಇಂದಿಗೂ ರೋಗಿಯ ಮಾತಿನಿಂದಲೇ ನಿರ್ಧಾರವಾಗಬೇಕು.

ಡೆಂಗಿಯನ್ನೇ ತೆಗೆದುಕೊಳ್ಳಿ. ಜ್ವರ ಶುರುವಾದ ಮೊದಲ ನಾಲ್ಕೈದು ದಿನ ರಕ್ತದಲ್ಲಿ ವೈರಸ್ಸಿನ ಎನ್‌ಎಸ್-1 ಎಂಬ ಪ್ರೋಟೀನು ಸಿಗುತ್ತದೆ. ಆಮೇಲೆ ಅದು ಕಡಿಮೆಯಾಗುತ್ತ ಹೋಗುತ್ತದೆ, ದೇಹವೇ ತಯಾರಿಸಿದ ಐಜಿಎಂ ಪ್ರತಿಕಾಯಗಳು ಕಾಣಿಸಿಕೊಳ್ಳುತ್ತವೆ. ಎರಡನೇ ದಿನ ಐಜಿಎಂ ಹುಡುಕಿದರೂ ವ್ಯರ್ಥ, ಎಂಟನೇ ದಿನ ಎನ್‌ಎಸ್-1 ಮಾತ್ರ ನೋಡಿ ‘ಡೆಂಗಿ ಇಲ್ಲ’ ಎಂದರೂ ತಪ್ಪು. ‘ಎರಡು ಮೂರು ದಿನ ಇರಬೇಕು’ ಎಂಬ ಮಾತು ಡಾಕ್ಟರನ್ನು ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಡೆಂಗಿಯಲ್ಲಿ ಅಪಾಯದ ಕಾಲ ಬರುವುದು ಮೈ ಸುಡುವಾಗ ಅಲ್ಲ, ಜ್ವರ ಇಳಿಯುವಾಗ. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ ಜ್ವರ ಇಳಿಯುತ್ತದೆ. ಕೆಲವರಲ್ಲಿ ಅದೇ ಹೊತ್ತಿಗೆ ಸಣ್ಣ ರಕ್ತನಾಳಗಳ ಗೋಡೆಯಿಂದ ರಕ್ತದ ದ್ರವಭಾಗ ಹೊರಕ್ಕೆ ಸೋರತೊಡಗುತ್ತದೆ. ಮುಂದಿನ 24ರಿಂದ 48 ಗಂಟೆಗಳು ನಿರ್ಣಾಯಕ. ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಒಸಡು ಅಥವಾ ಮೂಗಿನಲ್ಲಿ ರಕ್ತ, ಮಂಕು ಕವಿದಂತಿರುವುದು ಇವು ಎಚ್ಚರಿಕೆಯ ಚಿಹ್ನೆಗಳು. ‘ಜ್ವರ ಬಿಟ್ಟಿತಲ್ಲ, ಇನ್ನೇನು’ ಎಂದು ಮನೆಯವರು ಸಮಾಧಾನಪಡುವುದೂ ಅದೇ ಹೊತ್ತಿನಲ್ಲಿ.

ಮತ್ತೆ ಆ ಹುಡುಗನ ಬಳಿಗೆ ಬರೋಣ. ಡಾಕ್ಟರು ಈ ಸಲ ತಾಯಿಯನ್ನು ಬಿಟ್ಟು ಅವನನ್ನೇ ಕೇಳುತ್ತಾರೆ. ಭಾನುವಾರ ಸಂಜೆ ಕ್ರಿಕೆಟ್ ಆಡುತ್ತಿರುವಾಗಲೇ ಚಳಿಯಾಗಿತ್ತಂತೆ. ಅಲ್ಲಿಗೆ ಗುರುವಾರ ಐದನೇ ದಿನ. “ಹೊಟ್ಟೆ ನೋಯುತ್ತಾ?” “ರಾತ್ರಿಯಿಂದ ನೋಯ್ತಿದೆ ಸಾರ್. ಹೇಳಿದ್ರೆ ಪರೀಕ್ಷೆ ತಪ್ಪುತ್ತೆ ಅಂತ ಹೇಳ್ಲಿಲ್ಲ.” ಡಾಕ್ಟರು ಟಾನಿಕ್ ಬರೆಯುವುದಿಲ್ಲ. ರಕ್ತಪರೀಕ್ಷೆಗೆ ಬರೆದು, ಹುಡುಗನನ್ನು ಅಂದೇ ಆಸ್ಪತ್ರೆಗೆ ಸೇರಿಸಲು ಹೇಳುತ್ತಾರೆ. ಪರೀಕ್ಷೆಯ ಭಯದಿಂದ ನೋವು ಬಚ್ಚಿಡುವ ಮಕ್ಕಳು ಕಡಿಮೆಯೇನಿಲ್ಲ. ಇದರಲ್ಲಿ ಮಕ್ಕಳದ್ದಷ್ಟೇ ತಪ್ಪು ಎನ್ನಲಾಗದು.

ಜ್ವರವೇ ರೋಗವಲ್ಲ, ಅದು ರೋಗದ ಗುರುತು ಎಂಬ ಮಾತಿಗೆ ಗಟ್ಟಿ ಆಧಾರ ಕೊಟ್ಟವನು ಜರ್ಮನಿಯ ಲೈಪ್‌ಜಿಗ್‌ನ ವೈದ್ಯ ಕಾರ್ಲ್ ವುಂಡರ್ಲಿಶ್. ಸಾವಿರಾರು ರೋಗಿಗಳ ಕಂಕುಳಿನಲ್ಲಿ ಥರ್ಮಾಮೀಟರ್ ಇಟ್ಟು, ಅಳತೆಗಳನ್ನು ನಕ್ಷೆಯಾಗಿ ಬರೆದು, 1868ರಲ್ಲಿ ಪುಸ್ತಕ ಪ್ರಕಟಿಸಿದ. ಆಗಿನ ಥರ್ಮಾಮೀಟರು ಸುಮಾರು ಒಂದಡಿ ಉದ್ದ, ಅಳೆಯಲು ಇಪ್ಪತ್ತು ನಿಮಿಷ! ಇಂಗ್ಲೆಂಡಿನ ಕ್ಲಿಫರ್ಡ್ ಆಲ್‌ಬಟ್ 1860ರ ದಶಕದಲ್ಲೇ ಅದನ್ನು ಆರು ಅಂಗುಲಕ್ಕೆ, ಐದು ನಿಮಿಷಕ್ಕೆ ಇಳಿಸಿದ. ಈಗಿನ ಡಿಜಿಟಲ್ ಥರ್ಮಾಮೀಟರು ಸ್ವಲ್ಪ ಹೊತ್ತಿನಲ್ಲೇ ಬೀಪ್ ಎನ್ನುತ್ತದೆ. ಆದರೂ ಎಷ್ಟೋ ಮನೆಗಳಲ್ಲಿ ಹಣೆಯ ಮೇಲೆ ಅಂಗೈ ಇಟ್ಟು ನೋಡುವುದೇ ರೂಢಿ.

ಅಳೆಯುವುದಕ್ಕೂ ಕ್ರಮವುಂಟು. ಬಿಸಿ ಕಾಫಿ ಕುಡಿದ ಕೂಡಲೇ ಬಾಯಲ್ಲಿ ಅಳೆದರೆ ಗೊತ್ತಾಗುವುದು ಕಾಫಿಯ ಬಿಸಿ. ಅರ್ಧ ಗಂಟೆ ಬಿಡಬೇಕು. ಕಂಕುಳಿನ ಬೆವರು ಒರೆಸಿ ಇಡಬೇಕು. ಅಲ್ಲಿನ ಅಳತೆ ಬಾಯಿಯದಕ್ಕಿಂತ ತುಸು ಕಡಿಮೆ ಬರುವುದರಿಂದ ಎಲ್ಲಿ ಅಳೆದದ್ದೆಂದು ಬರೆಯಬೇಕು. ಜ್ವರದ ಮಾತ್ರೆ ಕೊಟ್ಟ ಮೇಲೆ ಅಳೆದರೆ ಕಾಣುವುದು ಮಾತ್ರೆಯ ಕೆಲಸ. ಆದ್ದರಿಂದ ಮಾತ್ರೆ ಕೊಡುವ ಮುಂಚೆ ಅಳೆದು, ಕೊಟ್ಟ ಗಂಟೆಯನ್ನು ಪಕ್ಕದಲ್ಲೇ ಗುರುತು ಹಾಕುವುದು ಒಳ್ಳೆಯದು.

ಹೀಗೆ ನಾಲ್ಕು ದಿನ ಬರೆದಿಟ್ಟರೆ ಜ್ವರದ ನಡೆ ಕಣ್ಣಿಗೆ ಬೀಳುತ್ತದೆ. ವೈವಾಕ್ಸ್ ಮಲೇರಿಯಾದಲ್ಲಿ ಗಡಗಡ ಚಳಿ, ಆಮೇಲೆ ಜ್ವರ, ಆಮೇಲೆ ಬೆವರು. ಪರಾವಲಂಬಿಗಳು ಕೆಂಪು ರಕ್ತಕಣಗಳನ್ನು ಒಡೆದು ಒಟ್ಟಿಗೆ ಹೊರಬರುವುದಕ್ಕೆ ಸುಮಾರು 48 ಗಂಟೆ ಬೇಕಾಗುವುದರಿಂದ ಜ್ವರ ದಿನ ಬಿಟ್ಟು ದಿನ ಮರುಕಳಿಸುತ್ತದೆ. ನಡುವಿನ ದಿನ ರೋಗಿ ಎದ್ದು ಓಡಾಡಿಕೊಂಡಿರಬಹುದು. ಮೊದಮೊದಲು ಈ ಲಯ ಸರಿಯಾಗಿ ಕೂಡಿರುವುದಿಲ್ಲ, ಹಾಗಾಗಿ ಇದನ್ನೇ ನೆಚ್ಚಿ ಮನೆಯಲ್ಲೇ ರೋಗದ ಹೆಸರಿಡುವಂತಿಲ್ಲ. ಟೈಫಾಯಿಡ್ ಆದರೆ ದಿನದಿಂದ ದಿನಕ್ಕೆ ಮೆಟ್ಟಿಲು ಹತ್ತಿದಂತೆ ಏರುವುದುಂಟು. ಅಂಗಡಿಯಲ್ಲಿ ಕೊಂಡ ಆ್ಯಂಟಿಬಯಾಟಿಕ್ಕನ್ನು ಎರಡು ಹೊತ್ತು ನುಂಗಿ ಬಂದವರ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ ಕೈಕೊಡುವ ಸಂಭವ ಹೆಚ್ಚು.

ಎಲ್ಲಿಗೆ ಹೋಗಿದ್ದಿರಿ ಎಂಬ ಪ್ರಶ್ನೆಗೂ ಬೆಲೆಯಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು, ಸುತ್ತಲಿನ ಜನ ಜ್ವರದಿಂದ ಮಲಗಿದರು. ಉಣುಗಿನಿಂದ ಹರಡುವ ಆ ವೈರಸ್ಸಿಗೆ ಕಾಡಿನ ಹೆಸರೇ ಬಂತು. ಜನ ಕರೆಯುವುದು ಮಂಗನ ಕಾಯಿಲೆ ಎಂದು. ಚಳಿಗಾಲ ಮತ್ತು ಬೇಸಿಗೆಯಲ್ಲಿ ಮಲೆನಾಡಿನ ಅಜ್ಜಿಮನೆಗೆ ಹೋಗಿ, ಸೌದೆ ತರಗೆಲೆಗೆಂದು ಕಾಡು ಹೊಕ್ಕು ಬಂದ ಹುಡುಗನಿಗೆ ಬೆಂಗಳೂರಿನಲ್ಲಿ ಜ್ವರ ಬಂದರೆ, ಕಾಡಿನ ವಿಷಯ ಹೇಳದ ಹೊರತು ಅಲ್ಲಿನ ಡಾಕ್ಟರಿಗೆ ಅದು ಹೊಳೆಯುವುದು ಕಷ್ಟ. ಹಾಗೆಯೇ ಗದ್ದೆಯ ನೀರಿನಲ್ಲಿ ಬರಿಗಾಲಲ್ಲಿ ನಿಂತು ದುಡಿದವರ ಜ್ವರ ಮತ್ತು ಮೀನಖಂಡದ ನೋವನ್ನು ಕೇಳಿದರೆ ಡಾಕ್ಟರು ಇಲಿಜ್ವರವನ್ನೂ ನೆನೆಯುತ್ತಾರೆ.

ಮಾತ್ರೆಯ ಬಣ್ಣ ಹೇಳಿ ಪ್ರಯೋಜನವಿಲ್ಲ, ಪಟ್ಟಿಯನ್ನೇ ತೆಗೆದುಕೊಂಡು ಹೋಗಬೇಕು. ಪ್ಯಾರಸಿಟಮಾಲ್ ಹತ್ತಾರು ಹೆಸರುಗಳಲ್ಲಿ ಬರುತ್ತದೆ, ನೆಗಡಿಯ ಹಲವು ಔಷಧಿಗಳಲ್ಲೂ ಬೆರೆತಿರುತ್ತದೆ. ಗೊತ್ತಿಲ್ಲದೆ ಎರಡೂ ಕೊಟ್ಟರೆ ಯಕೃತ್ತಿಗೆ ಪೆಟ್ಟು. ಮಕ್ಕಳ ಸಿರಪ್ಪು 5 ಮಿ.ಲೀ.ಗೆ 125 ಮಿ.ಗ್ರಾಂ ಇರುವುದೂ ಇದೆ, 250 ಇರುವುದೂ ಇದೆ. ‘ಒಂದು ಚಮಚ ಕೊಟ್ಟೆ’ ಎಂದರೆ ಯಾವ ಚಮಚ, ಯಾವ ಸೀಸೆ? ಡೆಂಗಿಯ ಸಂಶಯವಿದ್ದಾಗ ಆ್ಯಸ್ಪಿರಿನ್, ಐಬುಪ್ರೊಫೆನ್ ಕೊಡಬಾರದು, ಅವು ರಕ್ತಸ್ರಾವವನ್ನು ಹೆಚ್ಚಿಸಬಹುದು. ಆ ಕಿತ್ತಳೆ ಬಣ್ಣದ ಮಾತ್ರೆ ಯಾವುದಿತ್ತೋ!

ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆ ಇದಕ್ಕೆ ಸಾಕು. ದಿನಾಂಕ, ಗಂಟೆ, ಅಳತೆ, ಔಷಧಿ, ಊಟ, ಮೂತ್ರಕ್ಕೆ ಹೋದ ಸಲಗಳು. ಹೈಸ್ಕೂಲಿನ ಮಕ್ಕಳು ಇದನ್ನು ತಾವೇ ಬರೆಯಬಲ್ಲರು; ವಿಜ್ಞಾನದ ಪ್ರಾಯೋಗಿಕ ಪುಸ್ತಕಕ್ಕಿಂತ ಕಷ್ಟವೇನಲ್ಲ. ಯಾವ ಔಷಧಿ ಒಗ್ಗುವುದಿಲ್ಲ, ಹೆಣ್ಣುಮಕ್ಕಳಾದರೆ ಮುಟ್ಟಿನ ದಿನಾಂಕ, ಇವೂ ಇರಲಿ. ಅಪ್ಪ ಅಮ್ಮನ ಮುಂದೆ ಹೇಳಲು ಸಂಕೋಚವಾದರೆ ಡಾಕ್ಟರೊಂದಿಗೆ ಒಬ್ಬರೇ ಮಾತಾಡಬೇಕೆಂದು ಕೇಳುವುದರಲ್ಲಿ ತಪ್ಪಿಲ್ಲ.

ಬರೆಯುತ್ತ ಕೂರಬಾರದ ಸಂದರ್ಭಗಳೂ ಇವೆ. ಮೂರು ತಿಂಗಳು ತುಂಬದ ಕೂಸಿಗೆ 100.4 ಡಿಗ್ರಿ ಬಂದರೆ ಸಾಕು, ಆಗಲೇ ಹೊರಡಬೇಕು. ಫಿಟ್ಸ್, ಕುತ್ತಿಗೆ ಬಾಗಿಸಲಾರದ ಬಿಗಿತ, ಎಬ್ಬಿಸಿದರೂ ಏಳದ ಮಂಪರು, ಏದುಸಿರು, ಅರ್ಧ ದಿನವಾದರೂ ಮೂತ್ರವಾಗದಿರುವುದು, ಇವು ಕಂಡರೆ ನೋಟ್‌ಬುಕ್ ಮನೆಯಲ್ಲೇ ಇರಲಿ.

ಉಳಿದಂತೆ, ಔಷಧಿ ಚೀಟಿ ಕೈಗೆ ಬಂದ ಮೇಲೆ ಒಂದು ಪ್ರಶ್ನೆ ಬಾಕಿ ಇರುತ್ತದೆ. “ಡಾಕ್ಟ್ರೇ, ಏನು ಕಂಡರೆ ತಿರುಗಿ ಬರಬೇಕು?” ಅವರು ಹೇಳಿದ್ದನ್ನು ಅದೇ ಹಾಳೆಯ ಕೆಳಗೆ, ಅಲ್ಲೇ ನಿಂತು ಬರೆದುಕೊಳ್ಳಬಹುದು.