ಹೊದೆಯುವ ಹಕ್ಕು

ಡಿಸೆಂಬರ್ ಮೊದಲ ವಾರ ಬಂತೆಂದರೆ ನನ್ನ ಪರಿಚಯದವರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಕೊಹಿಮಾ ಸಮೀಪದ ಕಿಸಾಮಾ ಕಾಣಿಸುತ್ತದೆ. ಹಾರ್ನ್‌ಬಿಲ್ ಹಬ್ಬ, ಹೆಗಲ ಮೇಲೆ ಕೆಂಪು-ಕಪ್ಪು ಶಾಲು, ಕೆಳಗೆ 'ಸ್ಥಳೀಯವಾದುದನ್ನೇ ಕೊಳ್ಳಿ' ಎಂಬ ಉಪದೇಶ. ನನ್ನ ತಕರಾರು ಈ ಉಪದೇಶದ ಮೇಲೆ. ಎಲ್ಲಿ ಕೊಂಡೆವು ಎಂಬುದನ್ನು ಹೇಳಿಕೊಳ್ಳುವವರು, ಅದನ್ನು ನೆಯ್ದವರು ಯಾರು ಎಂದು ಕೇಳುವುದೇ ಇಲ್ಲ.

ಆವೊ ನಾಗಾಗಳ ತ್ಸುಂಗ್‌ಕೊಟೆಪ್ಸು ಶಾಲನ್ನೇ ನೋಡಿ. ನಡುವಿನ ಬಿಳಿ ಪಟ್ಟಿಯ ಮೇಲೆ ಆನೆ, ಹುಲಿ, ಹುಂಜ, ಈಟಿ, ಮನುಷ್ಯರ ತಲೆ, ಜೊತೆಗೆ ನಮ್ಮ ಕಾಟಿಯ ನೆಂಟನಾದ ಮಿಥುನ್. ನೇಯುವವರು ಹೆಂಗಸರು, ಪಟ್ಟಿಯ ಮೇಲೆ ಚಿತ್ರ ಬರೆಯುವವರು ಗಂಡಸರು. ಹಿಂದೆ ಇದನ್ನು ಹೊದೆಯಬೇಕಾದರೆ ಶತ್ರುವಿನ ತಲೆ ತಂದಿರಬೇಕಿತ್ತು, ಇಲ್ಲವೇ ಮಿಥುನ್ ಬಲಿಕೊಟ್ಟು ಊರಿಗೆಲ್ಲ ಉಣಬಡಿಸಿರಬೇಕಿತ್ತು. ಮೊದಲನೆಯದು ನಿಂತದ್ದು ಒಳ್ಳೆಯದೇ ಆಯಿತು, ಅದಕ್ಕಾಗಿ ಯಾರೂ ಹಳಹಳಿಸಬೇಕಿಲ್ಲ. ಎರಡನೆಯದನ್ನು ಮಾತ್ರ ಯೋಚಿಸಿ: ಕಣಜ ಬರಿದು ಮಾಡಿಕೊಂಡವನಿಗೆ ಶಾಲು! ನಮ್ಮಲ್ಲಿ ವೇದಿಕೆ ಹತ್ತಿದವರಿಗೆಲ್ಲ ಹಾರದ ಜೊತೆ ಒಂದು ಹೊದಿಸಿ ಕಳಿಸುತ್ತೇವೆ. ಅದು ಬೀರುವಿನ ತಳ ಸೇರುತ್ತದೆ.

ಸೊಂಟದ ಮಗ್ಗದ ಒಂದು ತುದಿ ಗೋಡೆಗೋ ಕಂಬಕ್ಕೋ, ಇನ್ನೊಂದು ನೇಯುವವಳ ನಡುವಿಗೆ. ಹಾಸು ಬಿಗಿಯಾಗಿರಬೇಕಾದರೆ ಅವಳು ಬೆನ್ನನ್ನೇ ಹಿಂದಕ್ಕೆ ಒತ್ತಿ ಕೂರಬೇಕು. ಅಷ್ಟಾದರೂ ಬಟ್ಟೆ ಅಗಲವಾಗಿ ಬರುವುದಿಲ್ಲ; ಸಾಮಾನ್ಯವಾಗಿ ಮೂರು ಪಟ್ಟಿ ನೆಯ್ದು ಹೊಲಿದರೆ ಒಂದು ಶಾಲು. ಆ ಹೊಲಿಗೆಯನ್ನು ದೋಷವೆಂದು ತೋರಿಸಿ ಬೆಲೆ ಇಳಿಸುವ ಗಿರಾಕಿಗಳಿದ್ದಾರೆ. ಪಕ್ಕದಲ್ಲೇ ಯಂತ್ರದ ನಕಲು ಸಿಗುತ್ತದೆ, ಹೊಲಿಗೆಯಿಲ್ಲದ್ದು, ಅಗ್ಗದ್ದು. ಅದೂ 'ಸ್ಥಳೀಯ'ವೇ!

ಕಾನೂನು ಇಲ್ಲವೆಂದಲ್ಲ. ಸೀರೆ, ಶಾಲು ಮುಂತಾದವುಗಳ ಕೆಲವು ಬಗೆಗಳನ್ನು 1985ರ ಕಾಯ್ದೆ ಕೈಮಗ್ಗಕ್ಕೇ ಮೀಸಲಿಟ್ಟಿದೆ. ಚಾಖೆಸಾಂಗ್ ಶಾಲಿಗೆ 2017ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿದೆ. ಆದರೆ ಇಳಕಲ್ ಸೀರೆಗೂ ಆ ಮಾನ್ಯತೆ ಇದೆಯಲ್ಲ, ಪವರ್‌ಲೂಮ್ ಇಳಕಲ್ ನಮ್ಮ ಪೇಟೆಗಳಲ್ಲಿ ಸಿಗುವುದಿಲ್ಲವೇ?

'ನಾಗಾ ಹೆಂಗಸರೇ ಅಕ್ರಿಲಿಕ್ ನೂಲು ಬಳಸುತ್ತಾರೆ, ಇನ್ನೆಲ್ಲಿಯ ಶುದ್ಧತೆ?' ಎನ್ನುವವರಿದ್ದಾರೆ. ಬಳಸಲಿ ಬಿಡಿ. ನಾನು ಶುದ್ಧತೆಯ ಮಾತೇ ಆಡುತ್ತಿಲ್ಲ, ಕೂಲಿಯ ಮಾತಾಡುತ್ತಿದ್ದೇನೆ. ಬಣ್ಣದ ನೂಲನ್ನು ಆರಿಸಿಕೊಳ್ಳುವುದು ಅವಳಿಗೆ ಬಿಟ್ಟದ್ದು. ಬೆನ್ನುನೋವಿನ ಬೆಲೆಯನ್ನು ಅರ್ಧಕ್ಕಿಳಿಸುವ ಹಕ್ಕು ನಮಗೆ ಯಾರು ಕೊಟ್ಟರು? ಫೆಲೋಶಿಪ್ ಹಣಕ್ಕೆ ತಿಂಗಳುಗಟ್ಟಲೆ ಕಾಯುವ ನನ್ನಂಥವರಿಗೆ ಆ ಬೆಲೆ ಎಟುಕದೆ ಇರಬಹುದು. ಆಗ ಮುಟ್ಟಿ ನೋಡಿ, ಮಡಿಸಿಟ್ಟು, ಬರಿಗೈಲಿ ಬಸ್ ಹತ್ತಬಹುದು.