ನಿಂತ ಲಾರಿ ಕಾಣದ ಕಾರು

ಬೈಸಿಕೊಂಡವನು ಡ್ರೈವರ್. ಈ ವಾರ ನನ್ನ ನಿದ್ದೆ ಕೆಡಿಸಿದ್ದು ಅದು.

ಮಂಗಳವಾರ ಕೃಷ್ಣಗಿರಿಯಲ್ಲಿ ಮದುವೆ ಊಟ ಮುಗಿಸಿ ಹೊಸೂರಿಗೆ ವಾಪಸಾಗುತ್ತಿದ್ದೆವು. ಕಾರು ಅಕ್ಕನ ಮನೆಯದು, ಕೊಂಡು ಮೂರು ತಿಂಗಳೂ ಆಗಿಲ್ಲ. ಭಾವ ಮುಂದಿನ ಸೀಟಿನಲ್ಲಿ, ನಾನೂ ಅಕ್ಕನೂ ಹಿಂದೆ. ಶೂಳಗಿರಿ ದಾಟಿತ್ತು. ಡ್ರೈವರ್ 90ಕ್ಕೆ ಕ್ರೂಸ್ ಕಂಟ್ರೋಲ್ ಹಾಕಿದ್ದ, ಕಾಲು ಒತ್ತದೆಯೇ ಕಾರು ತಾನಾಗಿ ವೇಗವನ್ನೂ ಅಂತರವನ್ನೂ ಕಾಯುವ ಸವಲತ್ತು ಅದು. ಮುಂದೆ ಒಂದು ಬಿಳಿ ಕಾರು 70ರಲ್ಲಿ ಹೋಗುತ್ತಿತ್ತು, ನಮ್ಮದೂ ತಾನಾಗಿ 70ಕ್ಕೆ ಇಳಿದು ಅದರ ಬೆನ್ನು ಹಿಡಿದಿತ್ತು. ಇದ್ದಕ್ಕಿದ್ದಂತೆ ಬಿಳಿ ಕಾರು ಎಡಕ್ಕೆ ಸರಿಯಿತು. ಅದು ಸರಿದ ಜಾಗದಲ್ಲಿ ಟಯರ್ ಒಡೆದು ನಿಂತ ಲಾರಿ. ಅದರ ಹಿಂದೆ ನಾಲ್ಕು ಕಲ್ಲು, ಒಂದು ಹಿಡಿ ಹೊಂಗೆ ಸೊಪ್ಪು. ನಮ್ಮ ಕಾರು ಬ್ರೇಕ್ ಹಾಕಲಿಲ್ಲ. ಮುಂದೆ ಯಾರೂ ಇಲ್ಲ ಎಂದುಕೊಂಡು 90ಕ್ಕೆ ಏರತೊಡಗಿತು.

ಡ್ರೈವರ್ ಬ್ರೇಕ್ ಒತ್ತಿ ಎಡಕ್ಕೆ ಎಳೆದ. ಬೆಲ್ಟು ಎದೆಗೆ ಕಚ್ಚಿತು. ತಾಂಬೂಲದ ತೆಂಗಿನಕಾಯಿ ಉರುಳಿ ಮುಂದಿನ ಸೀಟಿನ ಕೆಳಗೆ ಸೇರಿತು. ಲಾರಿಯ ಬಾಲಕ್ಕೂ ನಮಗೂ ಎರಡು ಮೊಳದ ಅಂತರ ಇದ್ದಿರಬಹುದು.

ಅಲ್ಲಿಂದ ಮನೆಯವರೆಗೆ ಭಾವನ ಬೈಗುಳ. "ನಿದ್ದೆ ಮಾಡ್ತಿದ್ಯೇನೋ? ಕಣ್ಣು ಎಲ್ಲಿತ್ತೋ?" ಆ ಹುಡುಗ ತಳಿ ಕಡೆಯವನು. ಹದಿನೆಂಟು ವರ್ಷದಿಂದ ಸ್ಟಿಯರಿಂಗ್ ಹಿಡಿದಿದ್ದಾನೆ, ಒಬ್ಬರಿಗೂ ತಾಗಿಸಿದವನಲ್ಲ. ಮನೆ ಮುಂದೆ ಗಾಡಿ ನಿಲ್ಲಿಸಿದ ಮೇಲೆ ನನ್ನ ಹತ್ತಿರ ಮಾತ್ರ ಹೇಳಿದ: "ಇಲ್ಲಕ್ಕ, ಅದೇ ಬ್ರೇಕ್ ಹಾಕ್ಕೊಂತದೆ ಅಂದಿದ್ರಲ್ಲ ಶೋರೂಮಲ್ಲಿ. ಇಷ್ಟು ದಿನ ಹಾಕ್ತಾನೂ ಇತ್ತು."

ಇಷ್ಟು ದಿನ ಹಾಕುತ್ತಿತ್ತು. ಅಪಾಯ ಇರುವುದು ಆ ಮಾತಿನಲ್ಲಿ. ನೂರು ಸಲ ಬ್ರೇಕ್ ಹಾಕಿದ ಯಂತ್ರ ನೂರೊಂದನೇ ಸಲವೂ ಹಾಕುತ್ತದೆ ಎಂದು ನಂಬದೆ ಇರಲು ಅವನಿಗೆ ಯಾರೂ ಕಾರಣ ಕೊಟ್ಟಿರಲಿಲ್ಲ.

ರಾತ್ರಿ ಕಾರಿನೊಳಗಿದ್ದ ಕೈಪಿಡಿ ತೆಗೆದು ಕೂತೆ. ದಪ್ಪ ಪುಸ್ತಕ, ಪೂರ್ತಿ ಇಂಗ್ಲಿಷ್. ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಅಧ್ಯಾಯ ಸಿಕ್ಕಿತು, ಅದರ ಕೊನೆಯಲ್ಲಿ ಎಚ್ಚರಿಕೆಗಳ ಸಾಲು. ನಿಂತ ವಾಹನವನ್ನು ಗುರುತಿಸದೆ ಇರಬಹುದು. ಮುಂದಿನ ವಾಹನ ಲೇನ್ ಬಿಟ್ಟರೆ ವೇಗ ಹೆಚ್ಚಬಹುದು. ಬೈಕು ತಪ್ಪಿಹೋಗಬಹುದು. ತಿರುವಿನಲ್ಲಿ, ಮಳೆಯಲ್ಲಿ, ಹಿಂದಕ್ಕೆ ಚಾಚಿಕೊಂಡ ಹೊರೆ ಇದ್ದಲ್ಲಿ ಕೆಲಸ ಮಾಡದೆ ಇರಬಹುದು. ಮಂಗಳವಾರ ನಮಗೆ ಆಗಿದ್ದು ಅಕ್ಷರ ಬಿಡದಂತೆ ಅಲ್ಲಿ ಅಚ್ಚಾಗಿತ್ತು. ಕಂಪನಿಗೆ ಗೊತ್ತಿತ್ತು. ಗೊತ್ತಿರಬೇಕಾಗಿದ್ದವನಿಗೆ ಗೊತ್ತಿರಲಿಲ್ಲ.

ಯಂತ್ರ ಕೆಟ್ಟಿರಲಿಲ್ಲ, ಅದು ಇರುವುದೇ ಹಾಗೆ. ಬಂಪರಿನ ಹಿಂದೆ ಕೂತ ರೇಡಾರ್ 76–77 ಗಿಗಾಹರ್ಟ್ಸ್‌ನ ಅಲೆ ಬಿಡುತ್ತದೆ, ಎದುರಿಗೆ ಬಡಿದು ವಾಪಸಾದ ಅಲೆಯಿಂದ ದೂರವನ್ನೂ ವೇಗವನ್ನೂ ಲೆಕ್ಕ ಹಾಕುತ್ತದೆ. ನಮ್ಮಲ್ಲಿ ಈ ಅಲೆಗಳ ಬಳಕೆಗೆ 2015ರಲ್ಲಿ ಲೈಸೆನ್ಸ್ ವಿನಾಯಿತಿ ಸಿಕ್ಕಿತು, ಆಮೇಲೆ ಒಂದೊಂದೇ ಕಾರಿಗೆ ಈ ಸವಲತ್ತು ಬಂತು. ಓಡುತ್ತಿರುವ ವಾಹನವನ್ನು ರೇಡಾರ್ ಸಲೀಸಾಗಿ ಹಿಡಿಯುತ್ತದೆ. ಆದರೆ ರಸ್ತೆಯಲ್ಲಿ ನಿಂತದ್ದು ಲಾರಿಯೊಂದೇ ಅಲ್ಲವಲ್ಲ. ಊರ ಹೆಸರಿನ ಬೋರ್ಡು, ಮೇಲ್ಸೇತುವೆ, ಪಕ್ಕದ ಕಬ್ಬಿಣದ ತಡೆ, ನೆಲದ ಮೇಲಿನ ಮುಚ್ಚಳ, ಎಲ್ಲದಕ್ಕೂ ಅಲೆ ಬಡಿದು ಮರಳುತ್ತದೆ. ಅವೆಲ್ಲ ಕಾರಿನ ಕಡೆಗೆ ಒಂದೇ ವೇಗದಲ್ಲಿ ನುಗ್ಗಿ ಬರುವಂತೆ ಅದಕ್ಕೆ ತೋರುತ್ತವೆ. ಎಲ್ಲಕ್ಕೂ ಬ್ರೇಕ್ ಹಾಕಿದರೆ ಪ್ರತಿ ಬೋರ್ಡಿನ ಕೆಳಗೂ ಕಾರು ಮುಗ್ಗರಿಸಿ, ಹಿಂದಿನವನು ಬಂದು ಗುದ್ದುತ್ತಾನೆ. ಹಾಗಾಗಿ ನಿಂತ ವಸ್ತುಗಳಲ್ಲಿ ಬಹುಪಾಲನ್ನು ಲೆಕ್ಕದಿಂದ ಬಿಡುವಂತೆ ಇದನ್ನು ಕಟ್ಟುತ್ತಾ ಬಂದಿದ್ದಾರೆ. ಕ್ಯಾಮೆರಾ ಜೊತೆಗೂಡಿದ ಹೊಸ ಗಾಡಿಗಳು ಎಷ್ಟೋ ವಾಸಿ. ಆದರೂ ಕೈಪಿಡಿಯಿಂದ ಆ ಎಚ್ಚರಿಕೆ ಇನ್ನೂ ಹೋಗಿಲ್ಲ.

ಶೂಳಗಿರಿಯಲ್ಲಿ ಕಂಡದ್ದನ್ನು ಅಮೆರಿಕ 2018ರ ಜನವರಿ 22ರಂದು ಕಂಡಿತ್ತು. ಕ್ಯಾಲಿಫೋರ್ನಿಯಾದ ಕಲ್ವರ್ ಸಿಟಿ ಬಳಿಯ ಹೆದ್ದಾರಿ. ಬೈಕ್ ಅಪಘಾತವೊಂದಕ್ಕೆ ಬಂದ ಅಗ್ನಿಶಾಮಕ ವಾಹನ ಲೇನಿನಲ್ಲಿ ನಿಂತಿತ್ತು. ಟೆಸ್ಲಾ ಮಾಡೆಲ್ ಎಸ್ ಕಾರು ಇನ್ನೊಂದು ವಾಹನದ ಹಿಂದೆ ಗಂಟೆಗೆ ಸುಮಾರು 34 ಕಿ.ಮೀ.ನಲ್ಲಿ ಬರುತ್ತಿತ್ತು. ಮುಂದಿನ ವಾಹನ ಲೇನ್ ಬದಲಿಸಿತು. ಮೂರು-ನಾಲ್ಕು ಸೆಕೆಂಡಿನಲ್ಲಿ ಟೆಸ್ಲಾ ಸುಮಾರು 50 ಕಿ.ಮೀ. ವೇಗಕ್ಕೆ ಏರಿ ಅಗ್ನಿಶಾಮಕ ವಾಹನಕ್ಕೆ ಗುದ್ದಿತು. ಚಾಲಕನಿಗೆ ಗಾಯವಾಗಲಿಲ್ಲ. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ಮಾಡಿ ಚಾಲಕನ ಅಲಕ್ಷ್ಯವನ್ನೂ ಅತಿನಂಬಿಕೆಯನ್ನೂ ಬರೆಯಿತು, ಜೊತೆಗೆ ಅಂಥ ಅಲಕ್ಷ್ಯಕ್ಕೆ ಎಡೆಕೊಟ್ಟ ವಿನ್ಯಾಸವನ್ನೂ ಬರೆಯಿತು. ನಮ್ಮ ಮನೆಯ ತನಿಖೆಯಲ್ಲಿ ತಪ್ಪು ಒಬ್ಬನದೇ ಆಯಿತು.

ಇದನ್ನು ಓದಿ ನಾನು ಹೊಸದರ ವಿರೋಧಿ ಎಂದುಕೊಳ್ಳಬೇಡಿ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಆ ವರ್ಷದ ಅಪಘಾತಗಳಲ್ಲಿ ಐದರಲ್ಲಿ ಒಂದಕ್ಕಿಂತ ಹೆಚ್ಚು ಹಿಂದಿನಿಂದ ಗುದ್ದಿ ಆದವು. ಮುಂದಿನ ಗಾಡಿಯ ಮೇಲೆ ಕಣ್ಣಿಟ್ಟು ಅಂತರ ಕಾಯುವ ಯಂತ್ರ ಬೇಕಾದ್ದು ನಮಗೇ. ಎಲೆಕ್ಟ್ರಾನಿಕ್ ಸಿಟಿಯ ಸುಮಾರು 10 ಕಿ.ಮೀ. ಮೇಲ್ರಸ್ತೆಯಲ್ಲಿ, ನಿಂತು ನಿಂತು ಸಾಗುವ ಸಂಜೆಯಲ್ಲಿ, ಅದು ಡ್ರೈವರನ ಮೊಣಕಾಲಿಗೆ ಕೊಡುವ ಆರಾಮವನ್ನು ನಾನು ಕಣ್ಣಾರೆ ನೋಡಿದ್ದೇನೆ.

ಆದರೆ ಅತ್ತಿಬೆಲೆ ದಾಟಿದ ಮೇಲೆ ಬೇರೆಯೇ ಲೋಕ. ಬೆಂಗಳೂರಿನಿಂದ ಕೃಷ್ಣಗಿರಿವರೆಗೆ ಈ ರಸ್ತೆ ಏಕಕಾಲಕ್ಕೆ 44ನೇ ರಾಷ್ಟ್ರೀಯ ಹೆದ್ದಾರಿಯೂ ಹೌದು, 48ನೆಯದೂ ಹೌದು. ಕನ್ಯಾಕುಮಾರಿಗೆ ಹೋಗುವವರೂ ಚೆನ್ನೈಗೆ ಹೋಗುವವರೂ ಇದೇ ಡಾಂಬರಿನ ಮೇಲೆ. ಅವರ ನಡುವೆ ಬಾಗಲೂರಿನ ಗುಲಾಬಿ ಹೊತ್ತ ಟೆಂಪೊ, ರಾಯಕೋಟೆಯ ಟೊಮೆಟೊ ಗಾಡಿ, ಸರ್ವಿಸ್ ರೋಡ್ ಸುತ್ತುವುದು ದೂರವೆಂದು ಎದುರಿನಿಂದ ಬರುವ ಹಾಲಿನ ಕ್ಯಾನಿನ ಮೊಪೆಡ್. 90ರಲ್ಲಿ ಎರಡು ಸೆಕೆಂಡ್ ಅಂತರ ಇಟ್ಟರೆ ಮುಂದೆ 50 ಮೀಟರ್ ಖಾಲಿ ಜಾಗ. ನಮ್ಮಲ್ಲಿ ಐವತ್ತು ಮೀಟರ್ ಖಾಲಿ ಕಂಡರೆ ಬಿಡುವವರುಂಟೇ? ಒಂದು ಆಟೊ ನುಗ್ಗುತ್ತದೆ, ಕಾರು ಬ್ರೇಕ್ ಹಾಕುತ್ತದೆ. ಬೈಕ್ ನುಗ್ಗುತ್ತದೆ, ಮತ್ತೆ ಬ್ರೇಕ್. ಬೇಸತ್ತ ಡ್ರೈವರ್ ಅಂತರದ ಗುಂಡಿ ಒತ್ತಿ ಅತಿ ಕಡಿಮೆಗೆ ಇಳಿಸುತ್ತಾನೆ. ಈಗ ಒಂದು ಸೆಕೆಂಡ್, 25 ಮೀಟರ್. ಅಪಾಯ ತಪ್ಪಿಸಲು ಕೊಟ್ಟ ಗುಂಡಿಯಿಂದ ಅಪಾಯ ಹತ್ತಿರ ಬಂತು.

ಇನ್ನೊಂದು ಲೆಕ್ಕವನ್ನೂ ಡ್ರೈವರ್‌ಗಳಿಗೆ ಹೇಳಬೇಕು. ಈ ಸವಲತ್ತಿಗಿರುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಹೆದ್ದಾರಿ ವೇಗದಲ್ಲಿ ಅದು ಬ್ರೇಕ್ ಹಾಕುವ ಜೋರಿಗೆ ಮಿತಿ ಇದೆ: ಒಂದೊಂದು ಸೆಕೆಂಡಿನಲ್ಲೂ ವೇಗ ಇಳಿಯುವುದು ಹೆಚ್ಚೆಂದರೆ ಸೆಕೆಂಡಿಗೆ 3.5 ಮೀಟರ್‌ನಷ್ಟು. 90ರಲ್ಲಿ ಹೋಗುವ ಕಾರು ಆ ಜೋರಿನಲ್ಲಿ ನಿಲ್ಲಲು ಸುಮಾರು 90 ಮೀಟರ್ ಬೇಕು. ಕಾಲಿನಿಂದ ಪೂರ್ತಿ ಒತ್ತಿದರೆ ಒಣ ರಸ್ತೆಯಲ್ಲಿ ಅದರ ಅರ್ಧ ಸಾಕು. ತುರ್ತು ಬ್ರೇಕ್ ಎನ್ನುವುದು ಬೇರೆಯೇ ವ್ಯವಸ್ಥೆ, ಅದಕ್ಕೂ ಅದರದೇ ಮಿತಿಗಳಿವೆ. ಶೋರೂಮಿನಲ್ಲಿ ಇವೆರಡನ್ನೂ ಕಲಸಿ "ಆಟೊ ಬ್ರೇಕ್" ಎಂಬ ಒಂದೇ ಮಾತಿನಲ್ಲಿ ಮಾರುತ್ತಾರೆ. ಇತ್ತ ಸ್ಟಿಯರಿಂಗ್ ಬಿಟ್ಟು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವರ ರೀಲ್ಸ್ ಎಲ್ಲರ ಫೋನಿಗೂ ಬಂದು ಬೀಳುತ್ತವೆ.

ಪೇರಂಡಪಲ್ಲಿ, ಸಾನಮಾವು ಕಾಡಿನ ಹತ್ತಿರ ಆನೆಗಳು ಈ ಹೆದ್ದಾರಿ ದಾಟುತ್ತವೆ. ರಾಗಿ ಕೊಯ್ಲಿನ ದಿನಗಳಲ್ಲಿ ಜವಳಗಿರಿ, ತಳಿ ಕಡೆಯಿಂದ ಹಿಂಡು ಬರುವುದು ಇಲ್ಲಿನ ಮಕ್ಕಳಿಗೂ ಗೊತ್ತು. ಅಡ್ಡ ದಾಟುವುದನ್ನು ಕ್ರೂಸ್ ಕಂಟ್ರೋಲ್ ತಾನು ಹಿಂಬಾಲಿಸಬೇಕಾದ ಗಾಡಿ ಎಂದು ಎಣಿಸುವುದಿಲ್ಲ, ಅದನ್ನು ಕಟ್ಟಿದ್ದು ಆ ಕೆಲಸಕ್ಕಲ್ಲ. ಮಂಜು ಕವಿದ ಡಿಸೆಂಬರ್ ಬೆಳಗಿನಲ್ಲಿ ಆನೆಯನ್ನು ಮೊದಲು ಕಾಣಬೇಕಾದ್ದು ಮನುಷ್ಯನೇ.

ಈ ಅಂಕಣ ಓದುತ್ತಾ ಬಂದವರಿಗೆ ನಾನು ಎಲ್ಲಿಗೆ ಬರುತ್ತೇನೆಂದು ಗೊತ್ತಿದೆ. ಹೌದು, ಭಾಷೆಗೇ.

ನಮ್ಮ ಡ್ರೈವರ್ ಓದು ಬಾರದವನಲ್ಲ. ಎಂಟನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವನು. ಗಾಡಿ ನಿಲ್ಲಿಸಿ ಕಾಯುವಾಗ ಈ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾನೆ. 1956ರಲ್ಲಿ ಗೆರೆ ಎಳೆದಾಗ ಹೊಸೂರು ಮದ್ರಾಸ್ ರಾಜ್ಯದಲ್ಲೇ ಉಳಿಯಿತು, ಕನ್ನಡ ಮಾತಾಡುವ ಮನೆಗಳೂ ಇಲ್ಲೇ ಉಳಿದವು. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಇಲ್ಲಿನ ಕನ್ನಡ ಮಕ್ಕಳು ತಮಿಳನ್ನೂ ಕಲಿಯುತ್ತಿದ್ದಾರೆ, ಕಲಿಯಲಿ. ಕನ್ನಡ, ತಮಿಳು, ತೆಲುಗು ಮೂರನ್ನೂ ಒಂದೇ ಅಂಗಡಿ ಮುಂದೆ ನಿಂತು ಮಾತಾಡುವ ಊರು ಇದು. ಆ ಮೂರರಲ್ಲಿ ಯಾವುದರಲ್ಲಿ ಬರೆದಿದ್ದರೂ ಇಲ್ಲಿನ ಬಹಳ ಡ್ರೈವರ್‌ಗಳಿಗೆ ದಕ್ಕುತ್ತಿತ್ತು. ಯಾವುದರಲ್ಲೂ ಬರೆಯಲಿಲ್ಲ. ಕಾರು ಮಾರುವ ಬೋರ್ಡು ಮಾತ್ರ ನಮ್ಮ ಭಾಷೆಯಲ್ಲಿ ನಗುತ್ತಾ ನಿಂತಿದೆ. ಸುಖವನ್ನು ನಮ್ಮ ಭಾಷೆಯಲ್ಲಿ ಹೇಳಿ ಅಪಾಯವನ್ನು ಇಂಗ್ಲಿಷಿನಲ್ಲಿ ಮುಚ್ಚಿಡುವುದನ್ನು ನಾನು ಮೋಸ ಎಂದೇ ಕರೆಯುತ್ತೇನೆ.

ಮಾವಿನ ತೋಟಕ್ಕೆ ಹೊಡೆಯುವ ಔಷಧಿ ಡಬ್ಬಿಯನ್ನು ತೆಗೆದು ನೋಡಿ. ಒಳಗೆ ಮಡಚಿಟ್ಟ ಕಾಗದದಲ್ಲಿ ವಿಷದ ಲಕ್ಷಣ, ಮೊದಲ ಚಿಕಿತ್ಸೆ, ಕೈ ತೊಳೆಯುವ ರೀತಿ ಎಲ್ಲ ಪ್ರಾದೇಶಿಕ ಭಾಷೆಯಲ್ಲೂ ಇರುತ್ತದೆ. ಕಂಪನಿಯವರ ಔದಾರ್ಯ ಅಲ್ಲ ಅದು. 1971ರ ಕೀಟನಾಶಕ ನಿಯಮಗಳು ಹಾಗೆ ಹೇಳುತ್ತವೆ. ಅರ್ಧ ಶತಮಾನದ ಹಿಂದೆ ಯಾರೋ ಅಧಿಕಾರಿ, ಔಷಧಿ ಹೊಡೆಯುವವನು ಯಾರು ಎಂದು ಯೋಚಿಸಿದ್ದರು. ಕಾರಿನ ವಿಷಯದಲ್ಲಿ ಓಡಿಸುವವನು ಯಾರು ಎಂದು ಯಾರೂ ಕೇಳಿದಂತಿಲ್ಲ. ಕೊಳ್ಳುವವನೇ ಓಡಿಸುತ್ತಾನೆ, ಅವನಿಗೆ ಇಂಗ್ಲಿಷ್ ಬರುತ್ತದೆ ಎಂದುಕೊಂಡಿದ್ದಾರೆ.

ಇದು ಬರೀ ಕಾರಿನ ಮಾತಾಗಿ ಉಳಿಯುವುದಿಲ್ಲ. 2025ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬಸ್ಸು, ಲಾರಿಗಳಿಗೂ ತುರ್ತು ಬ್ರೇಕ್, ತೂಕಡಿಕೆ ಎಚ್ಚರಿಕೆ, ಲೇನ್ ತಪ್ಪಿದರೆ ಎಚ್ಚರಿಕೆ ಕಡ್ಡಾಯ ಮಾಡುವ ಕರಡು ಹೊರಡಿಸಿತು. ಒಳ್ಳೆಯದು, ಬೇಗ ಬರಲಿ. ಆದರೆ ಅಶೋಕ್ ಲೇಲ್ಯಾಂಡ್ 1980ರಿಂದ ಲಾರಿ ಕಟ್ಟುತ್ತಿರುವ ಈ ಊರಿನಲ್ಲಿ ನಿಂತು ಕೇಳುತ್ತೇನೆ: ನಾಳೆ ಆ ಲಾರಿಯ ಸ್ಟಿಯರಿಂಗ್ ಹಿಂದೆ ಕೂರುವವನಿಗೆ, ಈ ಯಂತ್ರ ಏನನ್ನು ಕಾಣುವುದಿಲ್ಲ ಎಂದು ಯಾರು ಹೇಳುತ್ತಾರೆ, ಯಾವ ಭಾಷೆಯಲ್ಲಿ ಹೇಳುತ್ತಾರೆ?

ಬುಧವಾರ ಬೆಳಿಗ್ಗೆ ಶೋರೂಮಿಗೆ ಫೋನ್ ಮಾಡಿದೆ. ಫೋನ್ ಎತ್ತಿದ ಹುಡುಗಿ ವಿನಯದಿಂದಲೇ ಹೇಳಿದಳು: "ಮ್ಯಾನ್ಯುವಲ್‌ನಲ್ಲಿ ಎಲ್ಲ ಇದೆ, ಓದ್ಕೊಳ್ಳಿ." ಕನ್ನಡದಲ್ಲಿ ಇದೆಯಾ ಎಂದೆ. ಇಲ್ಲ. ತಮಿಳಿನಲ್ಲಿ? ಇಲ್ಲ. ಡೆಲಿವರಿ ದಿನ ಡ್ರೈವರ್‌ಗೆ ಇದನ್ನು ಯಾರಾದರೂ ಹೇಳಿದರಾ? "ಓನರ್‌ಗೆ ಡೆಮೊ ಕೊಟ್ಟಿದೀವಿ."

ಓನರ್ ಅಂದರೆ ನಮ್ಮ ಭಾವ. ಡೆಮೊ ದಿನ ಅವರು ಕಾರಿಗೆ ನಿಂಬೆಹಣ್ಣು ಇಡಿಸುವುದರಲ್ಲಿದ್ದರು. ನಾನು ಭಾವನನ್ನು ಕೂರಿಸಿ ಕೈಪಿಡಿಯ ಆ ಪುಟಗಳನ್ನು ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹೊರಗೆ ಹೋಗಿ ಡ್ರೈವರ್ ಜೊತೆ ಮಾತಾಡಿ ಬಂದರು. ಏನು ಮಾತಾಡಿದರೋ ನಾನು ಕೇಳಲಿಲ್ಲ.

ಆಮೇಲೆ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದೆ. ನಿಂತ ಗಾಡಿಗೆ ನೀನೇ ಬ್ರೇಕ್ ಹಾಕು. ಮುಂದಿನ ಗಾಡಿ ಪಕ್ಕಕ್ಕೆ ಸರಿದರೆ ತಕ್ಷಣ ಬ್ರೇಕ್ ಮೇಲೆ ಕಾಲಿಡು, ಕಾರು ವೇಗ ಹೆಚ್ಚಿಸಬಹುದು. ಬೈಕು, ಸೈಕಲ್ಲು, ದನ, ಮನುಷ್ಯ, ಆನೆ ನಿನ್ನ ಕಣ್ಣಿನ ಜವಾಬ್ದಾರಿ. ಕಂಬಿ, ಹುಲ್ಲು, ಕಬ್ಬು ಚಾಚಿಕೊಂಡ ಲಾರಿಯ ಹಿಂದೆ ಕ್ರೂಸ್ ಬೇಡ. ಮಳೆ, ಮಂಜು, ತಿರುವು, ರಸ್ತೆ ಕೆಲಸ ಇದ್ದರೆ ಬೇಡ. ಊರೊಳಗೆ ಬೇಡ. ಬಂಪರಿನ ರೇಡಾರ್ ಮೇಲೆ ಕೆಸರು ಕೂತರೆ ಒರೆಸು. ಅಂತರದ ಗುಂಡಿಯನ್ನು ಹೆಚ್ಚಿನದರಲ್ಲೇ ಇಡು, ನುಗ್ಗುವವರು ನುಗ್ಗಲಿ.

ಹಾಳೆಯನ್ನು ಅವನು ಎರಡು ಸಲ ಓದಿ ಮಡಚಿ ಸನ್ ವೈಸರ್ ಹಿಂದೆ ಸಿಕ್ಕಿಸಿಕೊಂಡ. ಸಂಜೆ ಮತ್ತೆ ಬಂದು, ಸ್ಟ್ಯಾಂಡಿನಲ್ಲಿ ನಾಲ್ಕು ಜನ ಡ್ರೈವರ್‌ಗಳು ಕೇಳುತ್ತಿದ್ದಾರೆ, ಒಬ್ಬನಿಗೆ ತಮಿಳಿನಲ್ಲಿ ಬೇಕು ಎಂದ. ತಮಿಳಿಗೆ ಪಕ್ಕದ ಮನೆಯ ಮೇಷ್ಟ್ರು ಮಾಡಿಕೊಟ್ಟರು. ಇಪ್ಪತ್ತೆರಡು ಲಕ್ಷದ ಕಾರಿನ ಜೊತೆ ಬರಬೇಕಿದ್ದ ಆ ಹಾಳೆಗೆ ನಾನು ಜೆರಾಕ್ಸ್ ಅಂಗಡಿಯಲ್ಲಿ ಕೊಟ್ಟದ್ದು ಪ್ರತಿಗೆ ಎರಡು ರೂಪಾಯಿ.